ಬೆಳಗ್ಗೆ ಇಲ್ಲಿ, ಸಂಜೆಗೆ ಅಲ್ಲಿ

ಗರ್ಭಕೋಶ ಜಾರಿದ ನಾಲ್ಕನೆಯ ಹೆಂಗಸು ಒಂದೇ ತಿಂಗಳಲ್ಲಿ ನನ್ನ ಬಳಿ ಸಲಹೆಗೆ ಬಂದು ಹೋದ ಮೇಲೆ ಬರೆಯಲೇಬೇಕು ಅನ್ನಿಸಿತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಐವತ್ತು ದಾಟಿದ ಹೆಂಗಸು. ನಾಲ್ಕು ಹೆರಿಗೆ. ಬಾಣಂತನ ಮುಗಿಯುವ ಮೊದಲೇ ಹುಲ್ಲಿನ ಹೊರೆ ಹೊತ್ತವರು. ಏಳು ವರ್ಷಗಳಿಂದ ಗರ್ಭಕೋಶ ಜಾರಿದ್ದರೂ ಬಟ್ಟೆ ಬಿಗಿದು ಕಟ್ಟಿಕೊಂಡು ಗದ್ದೆಗಿಳಿಯುತ್ತಿದ್ದರು. ಮದುವೆಮನೆಗಳನ್ನು ತಪ್ಪಿಸಲು ಮಂಡಿನೋವಿನ ನೆಪ. ಬಟ್ಟೆ ಒಗೆಯುವಾಗ ಸೊಸೆಗೆ ಅನುಮಾನ ಬಂದು ಕರೆತಂದಳು. ವೈದ್ಯರು ಬೆಳಗ್ಗೆ ಮಲಗಿಸಿ ಪರೀಕ್ಷಿಸಿ ‘ಎರಡನೇ ಹಂತ’ ಎಂದು ಬರೆದು ನನ್ನ ಬಳಿ ಕಳಿಸಿದ್ದರು. ಆ ಹೆಂಗಸಿನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಇದು ಗಡ್ಡೆ, ಗಡ್ಡೆಯೆಂದರೆ ಕ್ಯಾನ್ಸರ್.

ಟ್ಯಾಬ್ ತೆರೆದೆ. ಸೊಂಟವನ್ನು ನಡುವೆ ಸೀಳಿ ಪಕ್ಕದಿಂದ ನೋಡಿದಂಥ ಚಿತ್ರ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಗುದನಾಳ, ಕೆಳಗೆ ಇವನ್ನೆಲ್ಲ ಹೊತ್ತ ಸ್ನಾಯುಗಳ ಜೋಳಿಗೆ. ಬೆರಳಿಂದ ಎಳೆದರೆ ಜೋಳಿಗೆ ಸಡಿಲವಾಗಿ ಅಂಗಗಳು ಹಂತಹಂತವಾಗಿ ಇಳಿಯುತ್ತವೆ. ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಅವರು ತುಸು ಹೊತ್ತು ನೋಡಿ ಕೇಳಿದರು:

“ಇವಳಿಗೆ ಕಾಲೇ ಇಲ್ಲವಲ್ಲಮ್ಮ. ಮಲಗಿದ್ದಾಳೋ, ನಿಂತಿದ್ದಾಳೋ?”

ವರ್ಷಗಳಿಂದ ಇದೇ ಚಿತ್ರ ತೋರಿಸುತ್ತಿದ್ದೇನೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಅವರಲ್ಲಿ ಎಷ್ಟು ಮಂದಿ ನನ್ನ ಮರ್ಯಾದೆ ಉಳಿಸಲಷ್ಟೇ ತಲೆಯಾಡಿಸಿದ್ದರೋ.

ಅವರನ್ನು ನಿಲ್ಲಿಸಿ, ಟ್ಯಾಬನ್ನು ಅವರ ಸೊಂಟದ ಪಕ್ಕಕ್ಕೆ ಹಿಡಿದೆ. ಹೊಕ್ಕುಳ ಈ ಕಡೆ, ಬೆನ್ನು ಆ ಕಡೆ ಎಂದೆ. ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಬಗ್ಗಿ ನೋಡುತ್ತ, ತಾವೇ ಬೆರಳು ಸರಿಸಿದರು. ಒಂದೆಡೆ ನಿಲ್ಲಿಸಿದರು. “ಬೆಳಗ್ಗೆ ಇಲ್ಲಿ.” ಇನ್ನೂ ಕೆಳಗೆ ಎಳೆದರು. “ಹೊರೆ ಇಳಿಸಿ ಸಂಜೆ ಮನೆಗೆ ಬರುವ ಹೊತ್ತಿಗೆ ಇಲ್ಲಿ. ಆಗ ಕೈಯಿಂದ ಒಳಗೆ ತಳ್ಳದೆ ಮೂತ್ರ ಬರುವುದಿಲ್ಲ.” ಹಿಂದೆ ನಿಂತಿದ್ದ ಸೊಸೆ ಮುಖ ತಿರುಗಿಸಿಕೊಂಡಳು.

ಉಬ್ಬು ಯೋನಿದ್ವಾರದಿಂದ ಒಂದು ಸೆಂಟಿಮೀಟರ್ ಒಳಗೋ ಹೊರಗೋ ಇದ್ದರೆ ಎರಡನೇ ಹಂತ, ಅದಕ್ಕಿಂತ ಹೊರಬಂದರೆ ಮೂರನೆಯದು. ಅವರ ಬೆರಳು ನಿಂತದ್ದು ಮೂರರಲ್ಲಿ. ಜಾರಿದ ಅಂಗ ದಿನದ ದುಡಿಮೆಯ ನಂತರ ಹೆಚ್ಚು ಇಳಿಯುವುದು ಹೊಸ ಸಂಗತಿಯೇನಲ್ಲ, ಆದರೆ ಬೆಳಗಿನ ಪರೀಕ್ಷೆಗೆ ಅದು ಸಿಕ್ಕಿರಲಿಲ್ಲ. ವೈದ್ಯರಿಗೆ ಹೇಳಿ, ಅವರನ್ನು ನಿಲ್ಲಿಸಿ, ತಿಣುಕಿಸಿ ಮತ್ತೊಮ್ಮೆ ನೋಡಿಸಿದೆ. ಹೆಚ್ಚಾಗಿ ಇಳಿದಿದ್ದದ್ದು ಮೂತ್ರಕೋಶ ಹೊತ್ತ ಯೋನಿಯ ಮುಂಗೋಡೆ.

ಆ ಬಳಿಕವೇ ಸಲಹೆಯ ಮಾತು. ಇದು ಹೊಸದಾಗಿ ಬೆಳೆದ ಗಡ್ಡೆಯಲ್ಲ, ನಿಮ್ಮದೇ ಅಂಗ ಜಾಗ ಬಿಟ್ಟಿದೆ ಎಂದೆ. ಗರ್ಭಕೋಶ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಊರಲ್ಲಿ ಯಾರೋ ಹೇಳಿದ್ದರಂತೆ. ಜೋಳಿಗೆ ಹರಿದಿರುವಾಗ ಒಳಗಿನ ಸಾಮಾನು ತೆಗೆದರೆ ಜೋಳಿಗೆ ಹೊಲಿದಂತಾಗುವುದಿಲ್ಲ. ಶಸ್ತ್ರಚಿಕಿತ್ಸೆಯಾದರೆ ಆಧಾರವನ್ನೂ ಸರಿಪಡಿಸಬೇಕು. ಸದ್ಯಕ್ಕೆ ಜಾರಿದ ಅಂಗವನ್ನು ಎತ್ತಿಹಿಡಿಯಲು ಯೋನಿಯೊಳಗೆ ಸಿಲಿಕೋನ್ ಉಂಗುರ ಹಾಕಿಸಿಕೊಳ್ಳಬಹುದು, ಕಾಲಕಾಲಕ್ಕೆ ತೆಗೆದು ತೊಳೆದು ಹಾಕಬೇಕು. ಹೂಸು ತಡೆಯುವಂತೆ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ಮಾಡಬೇಕು. ತಿಂಗಳುಗಟ್ಟಲೆ ಮಾಡಿದರಷ್ಟೇ ಫಲ, ಅದೂ ಈ ಹಂತದಲ್ಲಿ ಪೂರ್ತಿ ಒಳಗೆ ಕಳಿಸದು ಎಂಬುದನ್ನು ಮುಚ್ಚಿಡಲಿಲ್ಲ. ಮಲಬದ್ಧತೆ, ಹಳೆಯ ಕೆಮ್ಮು, ಹೊರೆ ಮೂರನ್ನೂ ಹತೋಟಿಗೆ ತರಬೇಕು. ರಕ್ತ ಕಂಡರೆ, ಹುಣ್ಣಾದರೆ, ಮೂತ್ರ ಕಟ್ಟಿಕೊಂಡರೆ ಕಾಯಬಾರದು.

ಉಂಗುರ ಹಾಕಿಸಿ ಆಪರೇಷನ್ ಮುಂದೂಡಿಸುತ್ತೀರಿ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಆಗಬಹುದು. ಆದರೆ ತುರ್ತಿಲ್ಲವೆಂದು ವೈದ್ಯರೇ ಹೇಳಿದ್ದಾಗ, ಕುಯಿಲು ಮುಗಿಯಲಿ ಎನ್ನುವ ಹೆಂಗಸನ್ನು ಹೆದರಿಸಿ ಮೇಜಿನ ಮೇಲೆ ಮಲಗಿಸುವುದು ನನ್ನ ಕೆಲಸವಲ್ಲ. ಚಿತ್ರ ಇರುವುದು ನಾವು ಪಾಠ ಹೇಳಲಿಕ್ಕೆ ಎಂದುಕೊಂಡಿದ್ದೆ. ಈಗ ಮೊದಲು ಟ್ಯಾಬನ್ನು ಅವರ ಕೈಗೇ ಕೊಡುತ್ತೇನೆ.

ಹೊರಡುವಾಗ ಅತ್ತೆ ಚಪ್ಪಲಿ ಹುಡುಕುತ್ತಿದ್ದರು. ಎರಡನೇ ಹೆರಿಗೆಯಾಗಿ ಐದು ತಿಂಗಳಾಗಿದ್ದ ಸೊಸೆ ಒಳಗೇ ಉಳಿದು, ಚಿತ್ರವನ್ನು ಮೊದಲನೇ ಹಂತಕ್ಕೆ ಎಳೆದು, “ಆ ವ್ಯಾಯಾಮ ಇನ್ನೊಮ್ಮೆ ಹೇಳಿಕೊಡಿ ಮೇಡಂ” ಎಂದಳು.