‘ಉಂಟಾಗುತ್ತದೆ’ ಎಂದು ಬರೆದವರಿಗೆ

ಪ್ರಿಯರೇ,

ಸ್ಟೀರಾಯ್ಡಿಗೆ ಜಗ್ಗದ ತೀವ್ರ ಅಸ್ತಮಾ ಕುರಿತ ನಿಮ್ಮ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಭಾಷೆ ತಿಳಿಯಾಗಿದೆ. ಆದರೆ ಎರಡನೆಯ ಪ್ಯಾರಾದ ಎರಡು ವಾಕ್ಯಗಳು ನನ್ನನ್ನು ಕೆರಳಿಸಿದವು.

‘ವರ್ಷಗಟ್ಟಲೆ ತೆಗೆದುಕೊಂಡು ದೇಹ ಒಗ್ಗಿಹೋಗುವುದರಿಂದ ಔಷಧ ನಾಟುವುದಿಲ್ಲ.’ ಇದು ತಪ್ಪು. ಇದನ್ನು ನಂಬಿದ ರೋಗಿ ನಾಳೆಯೇ ಇನ್ಹೇಲರ್ ಬದಿಗಿಟ್ಟರೆ ಅವನ ಉಸಿರಿಗೆ ಹೊಣೆ ಯಾರು?

‘ಆಣ್ವಿಕ ಬದಲಾವಣೆಗಳಿಂದಾಗಿ ಪ್ರತಿರೋಧ ಉಂಟಾಗುತ್ತದೆ.’ ಯಾವ ಅಣು? ಎಲ್ಲಿ ಕುಳಿತು ಏನು ಮಾಡಿತು? ಸ್ಟೀರಾಯ್ಡ್ ಜೀವಕೋಶದೊಳಗೆ ತನ್ನನ್ನು ಹಿಡಿದುಕೊಳ್ಳುವ ಪ್ರೋಟೀನನ್ನು, ಅಂದರೆ ತನ್ನ ಗ್ರಾಹಕವನ್ನು, ಸೇರುತ್ತದೆ. ಎರಡೂ ಕೂಡಿ ಕೋಶಕೇಂದ್ರಕ್ಕೆ ಹೋಗುತ್ತವೆ. ಉರಿಯೂತದ ಜೀನ್‌ಗಳು ಚುರುಕಾಗಿರುವಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೆ ಅಸಿಟೈಲ್ ಎಂಬ ರಾಸಾಯನಿಕ ತುಣುಕು ಅಂಟಿಕೊಂಡು ಡಿಎನ್‌ಎ ಸುರುಳಿ ಸಡಿಲಗೊಂಡಿರುತ್ತದೆ. ಗ್ರಾಹಕವು ಎಚ್‌ಡಿಎಸಿ2 ಎಂಬ ಕಿಣ್ವವನ್ನು ಅಲ್ಲಿಗೆ ಕರೆತಂದು ಅಸಿಟೈಲನ್ನು ಕೀಳಿಸುತ್ತದೆ, ಸುರುಳಿ ಬಿಗಿಯುತ್ತದೆ, ಜೀನ್ ಸುಮ್ಮನಾಗುತ್ತದೆ. ಧೂಮಪಾನಿಗಳಲ್ಲಿ ಆಕ್ಸಿಡೀಕರಣದ ಒತ್ತಡ ಈ ಕಿಣ್ವವನ್ನೇ ಕುಗ್ಗಿಸುತ್ತದೆ. ಇನ್ನು ಕೆಲವರಲ್ಲಿ ಪಿ38 ಎಂಬ ಕೈನೇಸ್ ಕಿಣ್ವ ಗ್ರಾಹಕಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಔಷಧದ ಮೇಲೆ ಗ್ರಾಹಕದ ಹಿಡಿತ ಸಡಿಲವಾಗುತ್ತದೆ. ಮತ್ತೆ ಕೆಲವರ ಶ್ವಾಸನಾಳದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಬದಲು ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ತುಂಬಿರುತ್ತವೆ. ಸ್ಟೀರಾಯ್ಡ್ ಮೊದಲನೆಯವನ್ನು ಸಾವಿನತ್ತ ನೂಕುತ್ತದೆ, ಎರಡನೆಯವುಗಳ ಆಯುಸ್ಸನ್ನು ಹೆಚ್ಚಿಸುತ್ತದೆ! ಇಂಥದ್ದೊಂದು ಸಂಗತಿ ಕೈಯಲ್ಲಿರುವಾಗ ‘ಬದಲಾವಣೆಗಳು’ ಎಂದು ಬರೆದು ಮುಂದೆ ಹೋಗಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರು ‘ಉಂಟಾಗುತ್ತದೆ’ ಕಂಡಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ಅಂಚಿನಲ್ಲಿ ‘ಯಾರಿಂದ?’ ಎಂದು ಬರೆಯುತ್ತಿದ್ದರು. ನನ್ನ ಮೊದಲ ಲೇಖನದಲ್ಲಿ ಅಂಥ ಹನ್ನೊಂದು ಸುತ್ತುಗಳಿದ್ದವು. ರಾತ್ರಿ ತಿದ್ದಲು ಕುಳಿತೆ. ಆರು ಕಡೆ ಉತ್ತರ ನನಗೇ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆ. ಆ ಹಾಳೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಆ ಪ್ಯಾರಾವನ್ನು ಮತ್ತೆ ಬರೆದು ಕಳುಹಿಸಿ. ಅದಕ್ಕೂ ಮೊದಲು ಒಂದು ಸಾಲು ಬೇಕು: ಪ್ರತಿರೋಧ ಎಂದು ತೀರ್ಮಾನಿಸುವ ಮುನ್ನ ವೈದ್ಯರು ರೋಗಿಯ ಕೈಗೆ ಇನ್ಹೇಲರ್ ಕೊಟ್ಟು, ಅದನ್ನು ಹೇಗೆ ಎಳೆಯುತ್ತಾನೆ, ದಿನವೂ ತೆಗೆದುಕೊಳ್ಳುತ್ತಾನೆಯೇ ಎಂದು ನೋಡುತ್ತಾರೆ. ಎಷ್ಟೋ ಸಲ ತೊಡಕು ಅಲ್ಲಿಯೇ ಸಿಗುತ್ತದೆ.

ಸಂಪಾದಕ