ಕಬ್ಬಾಲಾ ಕಲಿತರೆ ಅಹಂಕಾರ ಪೂರ್ತಿ ಹೋಗುತ್ತಾ?

ಯೆಹೂದಿಗಳ ಗೂಢ ಅಧ್ಯಾತ್ಮ ವಿದ್ಯೆಯಾದ ಕಬ್ಬಾಲಾ ಓದಲು ಶುರು ಮಾಡಿದ ಮೇಲೆ ಆಫೀಸಿನ ಬಹುಮಾನ ಬೇಡ ಅಂದಿರಿ, ಅತ್ತೆ ತಂದ ಸೀರೆ ವಾಪಸ್ ಕೊಟ್ಟಿರಿ, ಆದರೂ ಒಳಗಿನ ಅಹಂಕಾರ ಪೂರ್ತಿ ಸಾಯುತ್ತಿಲ್ಲ ಅಂತ ಬರೆದಿದ್ದೀರಿ. ಮುಂದೆ ಅದರ ಮುಖ್ಯ ಗ್ರಂಥ ಜೋಹರ್ ಓದಲಾ, ಆನ್‌ಲೈನ್ ಕ್ಲಾಸ್ ಸೇರಲಾ ಅನ್ನೋದು ನಿಮ್ಮ ಪ್ರಶ್ನೆ. ದಯವಿಟ್ಟು ಎರಡನ್ನೂ ಈಗಲೇ ಮಾಡಬೇಡಿ. ಇದೇ ದಾರಿಯಲ್ಲಿ ಹೋಗಿ ಸ್ವಂತ ಅಕ್ಕನನ್ನು ದೂರ ಮಾಡಿಕೊಂಡವನು ನಾನು.

ನನ್ನ ಊರು ಬೆಳ್ತಂಗಡಿ ಕಡೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲಿಗೆ ಹೋಗಿದ್ದೆ. ಮಂಗಳೂರು, ಉಡುಪಿ ಕಡೆಯವರು ಅಲ್ಲಿ ಈ ಕೆಲಸದಲ್ಲಿ ತುಂಬಾ ಜನ ಇದ್ದಾರೆ. ಏಜೆಂಟಿಗೆ ಕೊಡಬೇಕಾದ್ದು ಲಕ್ಷಗಟ್ಟಲೆ. ಅಕ್ಕ ಕರಿಮಣಿ ಒಂದು ಬಿಟ್ಟು ಉಳಿದ ಬಂಗಾರವನ್ನೆಲ್ಲ ಸೊಸೈಟಿಯಲ್ಲಿ ಅಡವಿಟ್ಟು ನನ್ನನ್ನು ಕಳಿಸಿದಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೆಲ್ ಅವೀವ್ ಪಕ್ಕದ ರಾಮತ್ ಗಾನ್‌ನಲ್ಲಿ ಒಬ್ಬ ಅಜ್ಜನ ಮನೆಯಲ್ಲಿ ನನಗೆ ಕೆಲಸ. ಮನೆಯವರ ಹಾಗೆ ನಾನೂ ಅವರನ್ನು ‘ಸಾಬಾ’ ಅಂತಲೇ ಕರೆಯುತ್ತಿದ್ದೆ, ಅಜ್ಜ ಅಂತ. ಅವರಿಗೆ ಕಣ್ಣು ಮಂಜು. ಬೆಳಿಗ್ಗೆ ಚಹಾ ಆದ ಮೇಲೆ ಭೂತಗನ್ನಡಿ ಹಿಡಿದು ಓದಲು ಕೂರುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಪುಟ ತಿರುಗಿಸಬೇಕು. ಹೀಬ್ರೂ ಓದಲು ಬಂದ ಮೇಲೆ ನಾನೇ ತಡವರಿಸುತ್ತಾ ಓದುತ್ತಿದ್ದೆ. ಅವರು ನನಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಕಬ್ಬಾಲಾ ಹೇಳಿಕೊಡುತ್ತಿದ್ದದ್ದು 40 ದಾಟಿದ, ಮದುವೆಯಾದ ಯೆಹೂದಿ ಗಂಡಸರಿಗೆ. ಪರದೇಶದ ಕೆಲಸದವನಿಗೆ ಇದೆಲ್ಲ ಯಾಕೆ ಅಂತ ಅವರ ನೆಂಟರೇ ಕೇಳಿದ್ದುಂಟು. ಸಾಬಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ನಡೆಯುತ್ತಿದ್ದದ್ದು ಯೆಹೂದಾ ಆಶ್ಲಾಗ್ ಅವರ ದಾರಿಯಲ್ಲಿ. ಆಶ್ಲಾಗ್ 1921ರಲ್ಲಿ ಪೋಲೆಂಡಿನಿಂದ ಜೆರುಸಲೇಮಿಗೆ ಬಂದವರು. ಈ ವಿದ್ಯೆಯನ್ನು ಬಚ್ಚಿಡಬಾರದು, ಎಲ್ಲರಿಗೂ ತಲುಪಿಸಬೇಕು ಅನ್ನುವುದು ಅವರ ಹಟ. 1940ರಲ್ಲಿ ಒಂದು ಪತ್ರಿಕೆಯನ್ನೂ ತಂದರು. ಒಂದು ಸಂಚಿಕೆ ಬಂತು, ಅಷ್ಟರಲ್ಲೇ ಆಗ ಅಲ್ಲಿದ್ದ ಬ್ರಿಟಿಷ್ ಆಡಳಿತ ಅದನ್ನು ನಿಲ್ಲಿಸಿತು. 1943ರಿಂದ ಸುಮಾರು ಹತ್ತು ವರ್ಷ ಕೂತು ಇಡೀ ಜೋಹರ್‌ಗೆ ವ್ಯಾಖ್ಯಾನ ಬರೆದರು. 1954ರಲ್ಲಿ ತೀರಿಕೊಂಡರು.

ಆಶ್ಲಾಗ್ ಹೇಳುವುದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಸೃಷ್ಟಿ ಅಂತ ಆಗಿದ್ದು ಒಂದೇ, ‘ಬೇಕು’ ಅನ್ನುವ ಆಸೆ. ಇದಕ್ಕೆ ‘ರಾತ್ಸೋನ್ ಲೆಕಬೇಲ್’ ಅನ್ನುತ್ತಾರೆ. ದೇವರ ಸ್ವಭಾವ ಕೊಡುವುದು, ನಮ್ಮ ಸ್ವಭಾವ ತೆಗೆದುಕೊಳ್ಳುವುದು. ದೇವರಿಗೂ ನಮಗೂ ಇರುವ ದೂರ ಅಂದರೆ ಮೈಲಿ ಲೆಕ್ಕದ ದೂರ ಅಲ್ಲ, ಸ್ವಭಾವದ ದೂರ. ಪುಕ್ಕಟೆ ಸಿಕ್ಕಿದ್ದನ್ನು ತಿನ್ನುವವನಿಗೆ ನಾಚಿಕೆ ಆಗುತ್ತದಲ್ಲ, ಆ ನಾಚಿಕೆ ಹುಟ್ಟಿದಾಗ ಆಸೆ ತಾನಾಗಿ ಬಾಗಿಲು ಹಾಕಿಕೊಂಡು ‘ಇನ್ನು ಬೇಡ’ ಅಂದಿತು. ಅದು ತ್ಸಿಮ್‌ತ್ಸುಮ್. ಈ ವಿಚಾರವನ್ನು ದೊಡ್ಡದಾಗಿ ಕಲಿಸಿದವರು 16ನೇ ಶತಮಾನದ ಇಸಾಕ್ ಲೂರಿಯಾ. ಗಲಿಲಾಯದ ಗುಡ್ಡದ ಮೇಲಿನ ಸಫೆದ್ ಊರಿಗೆ ಅವರು ಬಂದದ್ದು 1570ರಲ್ಲಿ, ತೀರಿಕೊಂಡದ್ದು 1572ರಲ್ಲಿ. ಅಷ್ಟು ಕಡಿಮೆ ಸಮಯದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಶಿಷ್ಯ ಹಾಯಿಮ್ ವಿತಾಲ್ ಬರೆದಿಟ್ಟರು.

ನಾನು ಎಡವಿದ್ದು ಇಲ್ಲೇ. ‘ಇನ್ನು ಬೇಡ’ ಅನ್ನುವ ಮಾತು ನನಗೆ ಎಷ್ಟು ಹಿಡಿಸಿತು ಅಂದರೆ ಪಾಠ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಾಬಾ ಮುಂದಿನ ಪಾಠವನ್ನೂ ಹೇಳಿದ್ದರು, ನಾನೇ ಓದಿ ಹೇಳಿದ್ದೆ. ಆದರೆ ಕಿವಿಗೆ ಹೋಗಲಿಲ್ಲ. ಯಾಕೆ ಅಂದರೆ ಅದಕ್ಕೆ ಜಾಗ ಮೊದಲೇ ಭರ್ತಿಯಾಗಿತ್ತು. ಕನಕದಾಸರ ಕಥೆ ಕೇಳಿ ಬೆಳೆದವರು ನಾವು. ‘ನಾನು’ ಹೋಗಬೇಕು, ಆಸೆ ಬಿಡಬೇಕು ಅನ್ನುವುದು ಚಿಕ್ಕಂದಿನಿಂದ ತಲೆಯಲ್ಲಿ ಕೂತಿದೆ. ಆ ಅಚ್ಚಿಗೆ ಹೊಂದುವ ಅರ್ಧ ಪಾಠವನ್ನು ಹಿಡಿದುಕೊಂಡೆ, ಹೊಂದದ ಇನ್ನರ್ಧ ಬಿಟ್ಟೆ.

ಬಿಟ್ಟು ಏನು ಮಾಡಿದೆ ಗೊತ್ತಾ? ಎಲ್ಲರಿಗೂ ಕೊಡಲು ಶುರು ಮಾಡಿದೆ, ಯಾರಿಂದಲೂ ತೆಗೆದುಕೊಳ್ಳುವುದು ನಿಲ್ಲಿಸಿದೆ. ಜೊತೆಯ ಹುಡುಗರು ಚಹಾ ಕೊಡಿಸಿದರೂ ದುಡ್ಡು ಎಣಿಸಿ ಕೊಡುತ್ತಿದ್ದೆ. ಜ್ವರ ಬಂದಾಗ ಗಂಜಿ ತಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದೇನೆ. ಊರಿನಿಂದ ಯಾರಾದರೂ ಬರುವಾಗ ಅಕ್ಕ ಹಲಸಿನ ಹಪ್ಪಳ, ಒಣ ಸಿಗಡಿ ಚಟ್ನಿ ಕಟ್ಟಿ ಕಳಿಸುತ್ತಿದ್ದಳು. ಸಿಗಡಿ ಯೆಹೂದಿಗಳ ಊಟದ ನಿಯಮಕ್ಕೆ ಆಗುವುದಿಲ್ಲ, ಸಾಬಾ ಮನೆಯೊಳಗೆ ತರುವ ಹಾಗಿರಲಿಲ್ಲ. ಅದೇ ನೆಪ ಸಿಕ್ಕಿತು. ಹಪ್ಪಳವನ್ನೂ ಸೇರಿಸಿ ಬೇರೆಯವರಿಗೆ ಹಂಚಿಬಿಟ್ಟೆ. ‘ಇನ್ನು ಏನೂ ಕಳಿಸಬೇಡ, ನನಗೆ ಅಂಥ ಆಸೆ ಇಲ್ಲ’ ಅಂತ ಫೋನಿನಲ್ಲಿ ಹೇಳಿದೆ. ಹೇಳಿದ ಮೇಲೆ ಮನಸ್ಸಿಗೆ ತುಂಬಾ ಹಗುರ ಅನ್ನಿಸಿತು. ಆ ಹಗುರವನ್ನೇ ಸಾಧನೆ ಅಂದುಕೊಂಡೆ.

ಆಮೇಲೆ ಅಕ್ಕನ ಮಗಳ ಮದುವೆ ಬಂತು. ಖರ್ಚಿನ ದೊಡ್ಡ ಪಾಲು ನಾನೇ ಕಳಿಸಿದ್ದೆ, ರಜೆ ಹಾಕಿ ಊರಿಗೂ ಬಂದೆ. ಸೊಸೈಟಿಯಿಂದ ಬಿಡಿಸಿಕೊಂಡ ಬಳೆಗಳಲ್ಲಿ ಒಂದನ್ನು ಕರಗಿಸಿ ಅಕ್ಕ ನನಗೆ ಉಂಗುರ ಮಾಡಿಸಿಟ್ಟಿದ್ದಳು. ನನ್ನನ್ನು ಕಳಿಸಲು ಅಡವಿಟ್ಟ ಬಳೆಯೇ ಅದು. ನೆಂಟರೆದುರು ಬೆರಳಿಗೆ ತೊಡಿಸಲು ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡೆ. ‘ನನಗೆ ಇದೆಲ್ಲ ಬೇಡ ಅಕ್ಕ, ನೀನೇ ಇಟ್ಟುಕೋ’ ಅಂದೆ. ರಾತ್ರಿ ಪಾತ್ರೆ ತೊಳೆಯುವಲ್ಲಿಗೆ ನನ್ನನ್ನು ಕರೆದು ಅಕ್ಕ ಒಂದೇ ಮಾತು ಕೇಳಿದಳು: ‘ನೀ ಕೊಟ್ಟದ್ದಕ್ಕೆಲ್ಲ ನಾವು ಕೈ ಚಾಚ್ಬೇಕು. ನಾವು ಕೊಟ್ರೆ ನಿಂಗೆ ಮೈಲಿಗೆಯಾ?’ ನಾನು ಅವಳಿಗೆ ಅಹಂಕಾರದ ಬಗ್ಗೆ ಪಾಠ ಮಾಡಿದೆ. ಕೆಲವು ತಿಂಗಳಾದ ಮೇಲೆ ಅವಳು ಅಡಿಕೆ ತೋಟದ ಒಂದು ಬದಿ ಮಾರಿ, ಮದುವೆಗೆ ಕೊಟ್ಟ ದುಡ್ಡನ್ನೆಲ್ಲ ನನ್ನ ಖಾತೆಗೆ ಹಾಕಿಬಿಟ್ಟಳು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಸಾಬಾಗೆ ಇದನ್ನೆಲ್ಲ ಹೇಳಿದೆ. ನಾನು ಸರಿ, ಅಕ್ಕನಿಗೆ ಅರ್ಥವಾಗಲಿಲ್ಲ ಅನ್ನುವ ಧಾಟಿಯಲ್ಲೇ ಹೇಳಿದೆ. ಅವರು ಬೈಯಲಿಲ್ಲ. ಆಶ್ಲಾಗ್ ಹೇಳುವ ಅತಿಥಿಯ ಕಥೆಯನ್ನು ಇನ್ನೊಂದು ಸಲ ಓದಿಸಿದರು. ಮನೆಗೆ ಬಂದ ಅತಿಥಿಗೆ ಹಸಿವಿದೆ. ಮುಂದೆ ಅವನಿಗೆ ಇಷ್ಟವಾದ ಅಡುಗೆಯೇ ಇದೆ. ತಿಂದರೆ ಋಣ, ಅದಕ್ಕೆ ನಾಚಿಕೆಪಟ್ಟು ಬೇಡ ಅನ್ನುತ್ತಾನೆ. ಮನೆಯವನು ಬಿಡುವುದಿಲ್ಲ. ಬೆಳಗಿನಿಂದ ನಿನಗಾಗಿಯೇ ಮಾಡಿದ್ದು, ನೀನು ಉಂಡರೆ ನನಗೆ ಖುಷಿ ಅಂತ ಮತ್ತೆ ಮತ್ತೆ ಬೇಡುತ್ತಾನೆ. ಕೊನೆಗೆ ಅತಿಥಿಗೆ ತಿಳಿಯುತ್ತದೆ, ಈಗ ಉಣ್ಣುವುದೇ ಮನೆಯವನಿಗೆ ಕೊಡುವುದು ಅಂತ. ಆಗ ಊಟಕ್ಕೆ ಕೂರುತ್ತಾನೆ. ಹಸಿವು ಹಾಗೇ ಇದೆ, ರುಚಿಯೂ ಹಾಗೇ ಇದೆ. ಯಾರಿಗಾಗಿ ಅನ್ನುವುದು ಮಾತ್ರ ಬದಲಾಗಿದೆ.

‘ನೀನು ಬೇಡ ಅಂದದ್ದು ಯಾರಿಗಾಗಿ?’ ಅಂತ ಸಾಬಾ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ತಪ್ಪನ್ನು ಇಷ್ಟು ಉದ್ದ ಬರೆಯುವುದು ಯಾಕೆ ಅಂದರೆ ನೀವೂ ಅದರ ನಡುವೆಯೇ ಇದ್ದೀರಿ. ಬಾಗಿಲು ಹಾಕಿಕೊಳ್ಳುವುದು ಕಬ್ಬಾಲಾದಲ್ಲಿ ಮೊದಲ ಹೆಜ್ಜೆ. ಅದರ ಮೇಲೆ ‘ಮಸಾಖ್’ ಅನ್ನುವ ಪರದೆ ಬರುತ್ತದೆ. ಬಂದದ್ದನ್ನು ಆ ಪರದೆ ಮೊದಲು ತಡೆಯುತ್ತದೆ. ಆಮೇಲೆ ಇದರಲ್ಲಿ ಎಷ್ಟನ್ನು ಕೊಡುವವನ ಖುಷಿಗಾಗಿ ತೆಗೆದುಕೊಳ್ಳಬಲ್ಲೆ ಅಂತ ಲೆಕ್ಕ ಹಾಕಿ ಅಷ್ಟನ್ನು ಒಳಗೆ ಬಿಡುತ್ತದೆ. ಉಳಿದದ್ದು ಹೊರಗೇ ನಿಲ್ಲುತ್ತದೆ. ಮೊದಲ ಹೆಜ್ಜೆಯಲ್ಲೇ ನಿಂತವನಿಗೆ ಯಾರೂ ಬೇಡವಾಗುತ್ತಾರೆ. ಯಾರ ಋಣವೂ ಇಲ್ಲದೆ ಎಲ್ಲರಿಗಿಂತ ಮೇಲೆ ಕೂರುವ ಆಸೆ ಅದು. ಬೇರೆ ಆಸೆಗಳನ್ನೆಲ್ಲ ತಿಂದು ದಪ್ಪಗಾಗುವ ಆಸೆ. ನಾನು ಅಕ್ಕನಿಗೆ ಅಷ್ಟೆಲ್ಲ ಕೊಟ್ಟಾಗಲೂ ಬಚ್ಚಿಟ್ಟುಕೊಂಡದ್ದು ಒಂದಿತ್ತು. ನನಗೆ ಏನಾದರೂ ಕೊಡುವ ಖುಷಿಯನ್ನು ಅವಳಿಗೆ ಕೊಡಲಿಲ್ಲ.

ಹಾಗಾಗಿ ಅಹಂಕಾರ ಸಾಯುತ್ತಿಲ್ಲ ಅನ್ನುವ ನಿಮ್ಮ ಚಿಂತೆಯನ್ನೇ ನಾನು ಒಪ್ಪುವುದಿಲ್ಲ. ಆಶ್ಲಾಗ್ ದಾರಿಯಲ್ಲಿ ಅದನ್ನು ಸಾಯಿಸುವ ಮಾತೇ ಇಲ್ಲ. ಆಸೆಯೇ ಪಾತ್ರೆ. ಪಾತ್ರೆ ಒಡೆದರೆ ದೇವರು ಕೊಡುವ ಬೆಳಕನ್ನು ತುಂಬಿಕೊಳ್ಳುವುದು ಯಾವುದರಲ್ಲಿ? ಆಸೆ ಬೇಕೇ ಬೇಡ, ‘ನಾನು’ ಕರಗಿಯೇ ಹೋಗಬೇಕು ಅನ್ನುವುದು ನಿಮ್ಮ ಮನಸ್ಸಿನ ಗುರಿಯಾದರೆ ಅದಕ್ಕೆ ನಮ್ಮಲ್ಲೇ ಬೇಕಾದಷ್ಟು ದಾರಿಗಳಿವೆ, ದೊಡ್ಡವರು ನಡೆದ ದಾರಿಗಳು. ಅದನ್ನು ಕಬ್ಬಾಲಾದ ಹೆಸರಿನಲ್ಲಿ ಹುಡುಕಿದರೆ ಎರಡೂ ಕೈತಪ್ಪುತ್ತವೆ.

ಓದುವುದಕ್ಕಿಂತ ಮೊದಲು ಅತ್ತೆಯ ಹತ್ತಿರ ಹೋಗಿ ಆ ಸೀರೆ ಕೇಳಿ. ಬೇಡ ಅನ್ನುವುದಕ್ಕಿಂತ ಕೇಳುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ನಾನು ಅಕ್ಕನಿಗೆ ಫೋನ್ ಮಾಡಿ ಮಾಡಿ ಕೊನೆಗೆ ಭಾವನ ಫೋನಿಗೆ ಕರೆ ಮಾಡಿದೆ. ಅವಳು ಫೋನಿಗೆ ಬಂದಳು. ಕ್ಷಮೆ ಕೇಳಲು ಮಾತು ಜೋಡಿಸಿಟ್ಟುಕೊಂಡಿದ್ದೆ, ಅದನ್ನೆಲ್ಲ ಬಿಟ್ಟು ‘ಹಲಸಿನ ಹಪ್ಪಳ ಕಳಿಸ್ತೀಯಾ?’ ಅಂತ ಕೇಳಿದೆ. ‘ಈಗೆಲ್ಲಿದೆ ಹಲಸು, ಮಳೆಗಾಲ ಕಳೀಲಿಲ್ವಾ’ ಅಂದಳು. ಮುಂದಿನ ಬೇಸಿಗೆಯಲ್ಲಿ ಕಳಿಸಿದಳು. ಈಗ ಮಾತಾಡುತ್ತೇವೆ. ತೋಟದ ಆ ಬದಿ ಮಾತ್ರ ಬೇರೆಯವರದ್ದು. ಉಂಗುರದ ವಿಷಯ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಇನ್ನು ಪುಸ್ತಕದ ವಿಷಯ. ಜೋಹರ್ ಇರುವುದು ಬಹುಪಾಲು ಅರಾಮಿಕ್‌ನಲ್ಲಿ. 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕಿಗೆ ಬಂತು. ಅದರ ಮಾತೆಲ್ಲ ಒಳ ಅರ್ಥದ್ದು, ಒಬ್ಬರೇ ಓದಿದರೆ ನಮಗೆ ಬೇಕಾದ ಅರ್ಥವೇ ಕಾಣುತ್ತದೆ. ನನ್ನ ಕೇಳಿದರೆ ಮೊಶೆ ಕೊರ್ಡೊವೆರೊ ಅವರ ‘ತೋಮೆರ್ ದೆವೋರಾ’ದಿಂದ ಶುರು ಮಾಡಿ. ಅವರೂ ಸಫೆದ್‌ನವರೇ, 1570ರಲ್ಲಿ ತೀರಿಕೊಂಡರು. ತೆಳ್ಳಗಿನ ಪುಸ್ತಕ, ಇಂಗ್ಲಿಷಿನಲ್ಲಿ ಸಿಗುತ್ತದೆ. ಪಾಪ ಮಾಡುವವನ ಕೈಗೆ ಅದೇ ಗಳಿಗೆಯಲ್ಲೂ ದೇವರು ಶಕ್ತಿ ಕೊಡುತ್ತಲೇ ಇರುತ್ತಾನೆ, ಅವಮಾನ ಸಹಿಸಿಕೊಂಡು ಕೊಡುವುದನ್ನು ನೀನೂ ಕಲಿ ಅನ್ನುವಲ್ಲಿಂದ ಅದು ಶುರುವಾಗುತ್ತದೆ. ಅದಾದ ಮೇಲೆ ಆಶ್ಲಾಗ್ ಅವರ ಲೇಖನಗಳು. ಜೋಹರ್ ಅದಕ್ಕೂ ಆಮೇಲೆ. ಕ್ಲಾಸ್ ಸೇರುವುದಾದರೆ ಎದುರು ಕೂತು ಓದುವ ನಾಲ್ಕು ಜನ ಇರುವ ಕಡೆ ಸೇರಿ, ಸುಮ್ನೆ ವಿಡಿಯೋ ನೋಡುವುದು ಸಾಲದು. ಕಬ್ಬಾಲಾ ಹೆಸರಿನಲ್ಲಿ ಕೆಂಪು ದಾರ, ತಾಯತ ಮಾರುವ ಕಡೆ ಹೋಗಲೇಬೇಡಿ. ಅಲ್ಲಿ ದುಡ್ಡು ಹೋಗುತ್ತದೆ, ನೀವು ಕೇಳಿದ್ದು ಸಿಗುವುದಿಲ್ಲ.