ಒಂದು ಜಿಲ್ಲೆ, ಎರಡು ಲೋಕಸಭಾ ಕ್ಷೇತ್ರ

ಪ್ರಶ್ನೆ: ಯಾದಗಿರಿ ಊರಿನವರು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಓಟು ಹಾಕ್ತಾರ, ಅದೇ ಜಿಲ್ಲೆಯ ಗುರುಮಠಕಲ್‌ನವರು ನಾವು ಕಲಬುರಗಿಗೆ. ಹಿಂಗ್ಯಾಕ್ರಿ? ಬದಲಾಯಿಸಲು ಏನು ಮಾಡಬೇಕು?
— ಓದುಗರೊಬ್ಬರು, ಗುರುಮಠಕಲ್

ಉತ್ತರ: ಲೋಕಸಭಾ ಕ್ಷೇತ್ರಕ್ಕೆ ಇಡೀ ಇಡೀ ವಿಧಾನಸಭಾ ಕ್ಷೇತ್ರಗಳನ್ನೇ ಸೇರಿಸಬೇಕು, ಒಡೆಯುವಂತಿಲ್ಲ. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಸ್ಥಾನ. ಅಂದರೆ ಒಂದಕ್ಕೆ ಎಂಟು. ಯಾದಗಿರಿ ಜಿಲ್ಲೆಯಲ್ಲಿ ಇರುವುದು ನಾಲ್ಕೇ: ಸುರಪುರ, ಶಹಾಪುರ, ಯಾದಗಿರಿ ರಾಯಚೂರಿಗೆ ಹೋದವು, ಗುರುಮಠಕಲ್ ಕಲಬುರಗಿಗೆ. ಬೀದರಿಗೆ ತನ್ನವೇ ಆರು ಇದ್ದರೂ ಎಂಟು ತುಂಬಲು ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿ ಸೇರಿದವು. 2001ರ ಜನಗಣತಿ ಆಧರಿಸಿ 2008ರಲ್ಲಿ ಈ ಗಡಿ ಜಾರಿಗೆ ಬಂದಾಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ.

ಬದಲಾವಣೆಗೆ ಮುಂದಿನ ಪುನರ್ವಿಂಗಡಣೆಯೇ, ಅಂದರೆ ಜನಗಣತಿ ಆಧರಿಸಿ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸುವುದೇ ದಾರಿ. ಪುನರ್ವಿಂಗಡಣೆ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ಸಭೆಯನ್ನೂ ನಡೆಸುತ್ತದೆ. ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದ ಮೇಲೆ ಕೋರ್ಟಿಗೆ ಹೋಗಿ ಗಡಿ ಬದಲಿಸುವುದು ಬಹುತೇಕ ಆಗದ ಮಾತು. ಹಾಗಾಗಿ ಕರಡಿನ ಗಡುವು ತಪ್ಪಿಸಲೇಬೇಡಿ.

"ನಮ್ಮನ್ನು ಅಲ್ಲಿಗೆ ಸೇರಿಸಿ" ಎಂದಷ್ಟೇ ಬರೆದ ಅರ್ಜಿಗೆ ತೂಕವಿಲ್ಲ. ನೀವು ಹೋದರೆ ಕಲಬುರಗಿಯಲ್ಲಿ ಏಳೇ ಉಳಿಯುತ್ತವೆ, ರಾಯಚೂರಿನಲ್ಲಿ ಒಂಬತ್ತಾಗುತ್ತವೆ. ಬದಲಿಗೆ ಯಾವ ವಿಧಾನಸಭಾ ಕ್ಷೇತ್ರ ಕಲಬುರಗಿಗೆ ಬರಬೇಕು, ಎರಡೂ ಕಡೆ ಜನಸಂಖ್ಯೆ ಎಷ್ಟಾಗುತ್ತದೆ, ಗಡಿ ತಾಗುತ್ತದೆಯೇ ಎಂಬುದನ್ನು ಜನಗಣತಿ ಅಂಕಿ ಮತ್ತು ನಕ್ಷೆಯೊಂದಿಗೆ ಬರೆಯಿರಿ.